ಮುಕ್ಕಾಲು ಮಗ್ಗಿ

ನಾನು ಎರಡು ಸಲ ಶಾಲೆಗೆ ಹೋದವಳು. ಮೊದಲ ಸಲ ಸಿರಾ ಕಡೆಯ ನಮ್ಮೂರಿನಲ್ಲಿ, ಮೂರು ವರ್ಷ. ಎರಡನೇ ಸಲ ವಿಶಾಖಪಟ್ಟಣದಲ್ಲಿ, ಅರವತ್ತು ದಾಟಿದ ಮೇಲೆ, ಒಂದೇ ಒಂದು ವಾರ, ಅದೂ ನೇರವಾಗಿ ಏಳನೇ ಕ್ಲಾಸಿಗೆ. ನಡುವಿನ ಕ್ಲಾಸುಗಳೆಲ್ಲ ಎಲ್ಲಿ ಹೋದವು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕಡಿಮೆ ಓದಿದವಳು ಎಂಬ ಕಾರಣಕ್ಕೇ ನನ್ನನ್ನು ಕರೆದಿದ್ದರು. ಜೀವನದಲ್ಲಿ ಆ ಕಾರಣಕ್ಕೆ ನನ್ನನ್ನು ಯಾರಾದರೂ ಕರೆದದ್ದು ಅದೇ ಮೊದಲು, ಅದೇ ಕೊನೆ.

ಮಗ ಮಂಜುನಾಥ ಅಲ್ಲಿ ಕಾರ್ಖಾನೆಯಲ್ಲಿ ಇಂಜಿನಿಯರು. ವಾರಕ್ಕೊಂದು ಪಾಳಿ. ಸೊಸೆ ಸುಮಾ ಬ್ಯಾಂಕಿನಲ್ಲಿದ್ದಳು. ಅವಳನ್ನು ವಿಜಯವಾಡದ ಗವರ್ನರ್‌ಪೇಟೆಗೆ ವರ್ಗ ಮಾಡಿದಾಗ, ಮನೆ ನೋಡಿಕೊಳ್ಳಲು ಬಾ ಎಂದು ಮಗ ಪತ್ರ ಬರೆದ. ನಾನು ಅರ್ಧ ಮೂಟೆ ರಾಗಿ, ಒಂದು ಮೊರ, ಮುದ್ದೆ ಕೋಲು ತೆಗೆದುಕೊಂಡು ಹೋದೆ. ಎರಡು ಕೋಣೆಯ ಕ್ವಾರ್ಟರ್ಸು. ಸಮುದ್ರದ ಗಾಳಿಗೆ ಉಪ್ಪಿನ ಡಬ್ಬಿ ಮುಚ್ಚಿಟ್ಟರೂ ನೀರು ಬಿಡುತ್ತಿತ್ತು, ಹಪ್ಪಳ ಮೆತ್ತಗಾಗುತ್ತಿತ್ತು. ಪಕ್ಕದ ಮನೆಯವರು ರಾಗಿಯನ್ನು ಚೋಡಿ ಎನ್ನುತ್ತಿದ್ದರು, ಅಂಬಲಿ ಮಾಡಿ ಕುಡಿಯುತ್ತಿದ್ದರು, ನಾನು ಮುದ್ದೆ ಕಟ್ಟುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸುಮಾ ಎರಡು ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಮನೆಗೆ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಳು. ಬಂದವಳು ಮೊದಲು ಮಗಳ ನೋಟ್‌ಬುಕ್ಕು ನೋಡುತ್ತಿದ್ದಳು, ಆಮೇಲೆ ಮಗಳನ್ನು. ನಾನು ಇದನ್ನು ಅವಳ ಮುಖಕ್ಕೇ ಹೇಳಿದ್ದೇನೆ, ಆದ್ದರಿಂದ ಬರೆಯಲು ಅಡ್ಡಿಯಿಲ್ಲ.

ಮೊಮ್ಮಗಳು ಸಿಂಧು. ಅಲ್ಲೇ ಹುಟ್ಟಿ ಬೆಳೆದವಳು. ಹೊರಗೆ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ನನ್ನ ಹತ್ತಿರ ಮಾತ್ರ ಕನ್ನಡ. ಆ ಕನ್ನಡವೂ ಕೊನೆಗೊಂದು ತೆಲುಗಿನ ‘ಕದಾ’ ಸೇರದೆ ಮುಗಿಯುತ್ತಿರಲಿಲ್ಲ. ನಾವು ‘ಅಲ್ವಾ’ ಅನ್ನುವ ಕಡೆ ಅವಳು ‘ಕದಾ’ ಅನ್ನುತ್ತಿದ್ದಳು. ಏಳನೇ ಕ್ಲಾಸಿನ ದೊಡ್ಡ ಪರೀಕ್ಷೆಗೆ ಹತ್ತು ದಿನ ಇರುವಾಗ ಕ್ವಾರ್ಟರ್ಸಿನ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡಳು. ಬೆರಳಿನ ಬುಡದಿಂದ ಮೊಣಕೈವರೆಗೂ ಸಿಮೆಂಟು ಹಾಕಿದರು. ಉಳಿದ ವಿಷಯವನ್ನೆಲ್ಲ ಬಾಯಲ್ಲೇ ಕೇಳಿ ಮುಗಿಸುತ್ತೇವೆ, ಗಣಿತ ಮಾತ್ರ ಕಾಗದದ ಮೇಲೇ ಆಗಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಏಳನೇ ಕ್ಲಾಸು ಎಂದು ಶಾಲೆಯವರು ಹೇಳಿ ಕಳಿಸಿದರು. ಬರೆಯಲು ಬೇರೆಯವರು ಕೂರಬಹುದು. ಆದರೆ ಅವರು ಪರೀಕ್ಷೆಗೆ ಕೂತ ಮಗುವಿಗಿಂತ ಕಡಿಮೆ ಓದಿದವರಾಗಿರಬೇಕು. ಅಪ್ಪ ಇಂಜಿನಿಯರು, ಅಮ್ಮ ಎಂ.ಕಾಂ., ಇಬ್ಬರೂ ಆಗುವುದಿಲ್ಲ. ಕೆಳಗಿನ ಕ್ಲಾಸಿನ ಮಕ್ಕಳಿಗೆ ಅದೇ ಹೊತ್ತಿಗೆ ಅವರವರ ಪರೀಕ್ಷೆ.

ಅನ್ನಕ್ಕೆ ಸಾರು ಕಲಸುತ್ತಾ ಮಂಜ ಅಂದ:

“ಒಂದು ವರ್ಷ ತಾನೇ ಅವ್ವಾ, ಹೋದ್ರೆ ಹೋಗ್ಲಿ ಬಿಡು.”

ಈ ಮಾತನ್ನು ನಾನು ಮೊದಲೇ ಒಂದು ಸಲ ಕೇಳಿದ್ದೆ. ನಮ್ಮಪ್ಪ ಜಗಲಿಯ ಮೇಲೆ ಕೂತು ಮೇಷ್ಟರಿಗೆ ಇದನ್ನೇ ಹೇಳಿದ್ದ, ಒಂದು ವರ್ಷ ಮನೆಯಲ್ಲಿರಲಿ ಎಂದು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ನಾನು ಮಂಜನಿಗೆ ಅದನ್ನೆಲ್ಲ ಹೇಳಲಿಲ್ಲ. ಮಜ್ಜಿಗೆ ಬಡಿಸಿ, ನಾಳೆ ನನ್ನನ್ನು ಶಾಲೆಗೆ ಕರೆದುಕೊಂಡು ಹೋಗು ಎಂದೆ.

ಗಣಿತದ ಟೀಚರ್ ಪದ್ಮಾವತಿ ಗಟ್ಟಿ ಹೆಂಗಸು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎಷ್ಟು ಓದಿದ್ದೀರಿ ಮಾಮ್ಮಗಾರು ಎಂದು ಕೇಳಿದಳು. ಅಲ್ಲಿ ಅಜ್ಜಿಯರನ್ನು ಹಾಗೆ ಕರೆಯುತ್ತಾರೆ. ಮೂರನೇ ಕ್ಲಾಸು ಎಂದೆ. ಅವಳ ಮುಖ ಅರಳಿತು. ಆದರೆ ಬರೆಯಲು ಬರಬೇಕಲ್ಲ? ಬರುವ ವಾರವೆಲ್ಲ ಪುನರಾವರ್ತನೆ ಇದೆ, ಸೋಮವಾರದಿಂದ ಮೊಮ್ಮಗಳ ಪಕ್ಕ ಕೂತು ಕಲಿಯಿರಿ, ಶನಿವಾರ ಪರೀಕ್ಷೆ ಎಂದಳು. ಕಲಿಯಲು ಏನಿದೆ ಎಂದುಕೊಂಡೆ. ಸಂತೆಯಲ್ಲಿ ಆಂಧ್ರದವರ ಜೊತೆ ವ್ಯಾಪಾರ ಮಾಡಿ ನನಗೆ ತೆಲುಗು ಬರುತ್ತಿತ್ತು, ಇಂಗ್ಲಿಷ್ ಅಂಕಿಗಳನ್ನು ಕ್ಯಾಲೆಂಡರಿನಲ್ಲಿ, ಬಸ್ಸಿನ ಹಣೆಯ ಮೇಲೆ ದಿನಾ ನೋಡುತ್ತಿದ್ದೆ.

ಸೋಮವಾರ ಬಾಗಿಲಲ್ಲಿ ನಿಂತು, ಯಾಡ ಕೂರ್ಚುನೇದಿ, ಎಲ್ಲಿ ಕೂರುವುದು ಎಂದು ಕೇಳಿದ್ದಕ್ಕೇ ನಲವತ್ತು ಮಕ್ಕಳು ನಕ್ಕವು. ನನ್ನದು ಸಂತೆಯ ತೆಲುಗು, ಅವರದು ಸಮುದ್ರದ ಕಡೆಯದು. ನಗಲಿ ಎಂದು ಹೋಗಿ ಕೂತೆ. ಬೆಂಚು ಕಿರಿದು, ಮಂಡಿ ಹಲಗೆಗೆ ತಾಗುತ್ತಿತ್ತು. ಸಿಂಧು ಒಂದು ಲೆಕ್ಕ ಹೇಳಿದಳು, ನಾನು ಬರೆದೆ. ಟೀಚರ್ ಬಂದು ಕಾಗದದ ಮೇಲೆ ಬಗ್ಗಿದಳು. ನಾನು ಬರೆದದ್ದೆಲ್ಲ ಕನ್ನಡದ ಅಂಕಿ. ಕಣ್ಣಿಗೆ ಇಂಗ್ಲಿಷ್ ಅಂಕಿ ಗೊತ್ತು, ಕೈಗೆ ಗೊತ್ತಿಲ್ಲ. ನಮ್ಮೂರ ಮೇಷ್ಟರು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ್ದು ಅಷ್ಟು ವರ್ಷವಾದರೂ ಬೆರಳಲ್ಲೇ ಕೂತಿತ್ತು. ಅಂದು ಮನೆಗೆ ಬಂದು ಅಕ್ಕಿ ಹಿಟ್ಟು ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಒಂದರಿಂದ ಒಂಬತ್ತರವರೆಗೆ ರಂಗೋಲಿ ಹಾಕಿದೆ, ಅಳಿಸಿದೆ, ಹಾಕಿದೆ. ರಂಗೋಲಿಯ ಕೈ ಬೇಗ ಕಲಿಯುತ್ತದೆ. ಇನ್ನೊಂದು ತೊಡಕೂ ಇತ್ತು. ಸಿಂಧುಗೆ ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಇಪ್ಪತ್ತರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಅರವತ್ತೇಳು, ಎಪ್ಪತ್ತಾರು ಎರಡೂ ಅವಳಿಗೆ ಒಂದೇ. ಇಂಗ್ಲಿಷಿನಲ್ಲಿ ಹೇಳಿದರೆ ನನಗೆ ತಡವಾಗುತ್ತಿತ್ತು. ಕೊನೆಗೆ ಒಂದೊಂದೇ ಅಂಕಿ ಹೇಳುವುದು, ನಾನು ಬರೆದು ಹೂಂ ಅನ್ನುವುದು, ಆಮೇಲೆ ಮುಂದಿನದು ಎಂದು ಗೊತ್ತು ಮಾಡಿಕೊಂಡೆವು. ಅಕ್ಕಪಕ್ಕದ ಮಕ್ಕಳು ನಮ್ಮ ಹೂಂಗಳನ್ನು ಎಣಿಸುತ್ತಿದ್ದರು.

ಮಂಗಳವಾರದ ಹೊತ್ತಿಗೆ ಅಂಕಿಗಳು ನೆಟ್ಟಗಾದವು, ನಿಜವಾದ ತೊಂದರೆ ಆಮೇಲೆ ಶುರುವಾಯಿತು. ಸಿಂಧು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಬರೆದುಬಿಡುತ್ತಿದ್ದೆ. ಬೇಕೆಂದು ಅಲ್ಲ. ಲೆಕ್ಕ ಕಿವಿಗೆ ಬಿದ್ದರೆ ಸಾಕು, ಒಳಗೆ ಅದರಷ್ಟಕ್ಕೆ ಅದು ಮುಗಿದು ಕೈಗೆ ಬಂದುಬಿಡುತ್ತಿತ್ತು. ಟೀಚರ್ ಎರಡು ಸಲ ನನ್ನ ಪೆನ್ನು ಹಿಡಿದು ನಿಲ್ಲಿಸಿದಳು. ಬುಧವಾರ ಭಿನ್ನರಾಶಿ. ಏಳನ್ನು ಮುಕ್ಕಾಲರಿಂದ ಗುಣಿಸಿದರೆ ಎಷ್ಟು ಎಂದು ಸಿಂಧುವನ್ನು ಎಬ್ಬಿಸಿ ಕೇಳಿದಳು. ಹುಡುಗಿ ಎಡಗೈ ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಾ ನಿಂತಳು. ನಾನು ಅಂದುಬಿಟ್ಟೆ:

“ಏಳ್ ಮುಕ್ಕಾಲ್ಲ ಐದೂಕಾಲು.”

ಆಮೇಲೆ ಟೀಚರ್ ತಮಾಷೆಗೆ ಹದಿನೈದರವರೆಗೂ ಕೇಳಿದಳು, ನಾನು ಹದಿನೈದರವರೆಗೂ ಹೇಳಿದೆ. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ನಮ್ಮ ಕಾಲದಲ್ಲಿ ಬಾಯಿಪಾಠ. ಈ ಮಕ್ಕಳಿಗೆ ಅಂಥದ್ದು ಇದೆಯೆಂದೇ ಗೊತ್ತಿರಲಿಲ್ಲ. ಚಪ್ಪಾಳೆ ಹೊಡೆದರು. ನನಗೆ ಹಿಗ್ಗಾಯಿತು, ಸುಳ್ಳು ಯಾಕೆ ಹೇಳಲಿ. ಆ ಹಿಗ್ಗಿನಲ್ಲೇ ಪಕ್ಕಕ್ಕೆ ತಿರುಗಿದೆ. ಸಿಂಧು ಇನ್ನೂ ನಿಂತೇ ಇದ್ದಳು. ಗಾಳಿಯಲ್ಲಿ ಬರೆಯುತ್ತಿದ್ದ ಬೆರಳನ್ನು ಮಡಿಸಿಕೊಂಡಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಅಂದಳು:

“ನಂಗೂ ಬರ್ತಿತ್ತು ಕದಾ ಅಜ್ಜಿ. ಸ್ವಲ್ಪ ಲೇಟು, ಅಷ್ಟೇ.”

ಅಷ್ಟು ಹೇಳಿ ಮುಂದೆ ಮುಂದೆ ನಡೆದಳು. ಆ ಮಡಿಸಿದ ಬೆರಳು ನನ್ನನ್ನು ನಮ್ಮ ಮನೆಯ ಜಗಲಿಗೆ ಎಳೆದುಕೊಂಡು ಹೋಯಿತು.

ನಮ್ಮ ಮನೆಯಲ್ಲಿ ಜಗಲಿಗೂ ಅಡುಗೆಮನೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಮೊಳದ ಗವಾಕ್ಷಿ. ಆ ಕಡೆ ಜಗಲಿಯ ಮೇಲೆ ನನ್ನ ಅಣ್ಣ ರಂಗ ಸ್ಲೇಟು ಹಿಡಿದು ಕೂರುತ್ತಿದ್ದ, ಎದುರಿಗೆ ನಮ್ಮಪ್ಪ. ಈ ಕಡೆ ನಾನು ಬೀಸುವ ಕಲ್ಲಿನ ಮುಂದೆ. ಇಬ್ಬರೂ ಒಂದೇ ಶಾಲೆ. ಆದರೆ ಮನೆಗೆ ಬಂದ ಮೇಲೆ ಓದು ಅವನಿಗೆ, ಕಲ್ಲು ನನಗೆ. ಅಪ್ಪ ಅವನಿಗೆ ಬಾಯಿಲೆಕ್ಕ ಕೇಳುತ್ತಿದ್ದ. ರಂಗ ಗವಾಕ್ಷಿಯ ಕಡೆ ನೋಡುತ್ತಿದ್ದ. ನಾನು ಕಲ್ಲು ತಿರುಗಿಸುತ್ತಾ ರಾಗಿಯ ಹಾಡು ಹೇಳುವ ಹಾಗೆ ಉತ್ತರವನ್ನು ಹಾಡಿನೊಳಗೆ ಸೇರಿಸಿ ಕಳಿಸುತ್ತಿದ್ದೆ. ಅವನು ಹೇಳುತ್ತಿದ್ದ, ಅಪ್ಪ ಅವನಿಗೆ ಬೆಲ್ಲ ಕೊಡುತ್ತಿದ್ದ, ಆ ಬೆಲ್ಲದಲ್ಲಿ ಅರ್ಧ ನನಗೆ ಬರುತ್ತಿತ್ತು. ಇದು ನಮ್ಮಿಬ್ಬರ ಒಪ್ಪಂದ. ಎರಡು ವರ್ಷ ನಡೆಯಿತು. ನಾನು ಅಣ್ಣನಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಮನೆಯಲ್ಲಿ ನನಗೆ ಇದ್ದ ಒಂದೇ ಮರ್ಯಾದೆ ಅದು, ಯಾರಿಗೂ ಕಾಣದ ಮರ್ಯಾದೆ.

ಒಂದು ದಿನ ಶಾಲೆಗೆ ಇನ್ಸ್‌ಪೆಕ್ಟರು ಬಂದರು. ಊರಿನ ಹಿರಿಯರೆಲ್ಲ ಗೋಡೆಗೆ ಒರಗಿ ನಿಂತಿದ್ದರು, ಅಪ್ಪನೂ ಇದ್ದ. ಮೇಷ್ಟರು ಜಾಣ ಹುಡುಗ ಎಂದು ರಂಗನನ್ನೇ ಮುಂದೆ ನಿಲ್ಲಿಸಿದರು. ಒಂಬತ್ತು ಮುಕ್ಕಾಲು ಎಷ್ಟು ಎಂದು ಕೇಳಿದರು. ರಂಗ ಗೋಡೆ ನೋಡಿದ. ಅಲ್ಲಿ ಗವಾಕ್ಷಿ ಇರಲಿಲ್ಲ. ಹುಡುಗಿಯರ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ತಿರುಗಿದ, ಎಲ್ಲರ ಮುಂದೆ, ಬಾಯಿ ಅರ್ಧ ತೆರೆದುಕೊಂಡು. ನಾನು ಆರೂಮುಕ್ಕಾಲು ಎಂದೆ. ಯಾರಿಗೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಸಂಜೆ ಅಪ್ಪ ಮೇಷ್ಟರಿಗೆ ಹೇಳಿದ ಮಾತೇ ಆ ಒಂದು ವರ್ಷದ ಮಾತು. ನನಗೆ ಶಾಲೆ ತಪ್ಪಿತು ಎಂದು ನಾನು ಬಹಳ ವರ್ಷ ಅಪ್ಪನನ್ನು ಬೈದುಕೊಂಡಿದ್ದೇನೆ. ರಂಗನ ಪಾಡು ಆಮೇಲೆ ನೋಡಿದೆ. ಮೀಸೆ ನರೆತ ಮೇಲೂ ಕಣದಲ್ಲಿ ರಾಗಿ ಅಳೆಯುವಾಗ ಆರು ಬಳ್ಳಕ್ಕೆ ನಿಲ್ಲಿಸಿ, ಸರಿಯಾ ಎಂದು ಯಾರಾದರೊಬ್ಬರ ಮುಖ ನೋಡುತ್ತಿದ್ದ. ಕೈಯಲ್ಲಿ ಬಳ್ಳ, ಕಣ್ಣು ಬೇರೆಯವರ ಬಾಯಿಯ ಮೇಲೆ. ಅಪ್ಪ ಕೆಡಿಸಿದ್ದು ನನ್ನ ಶಾಲೆಯನ್ನು. ರಂಗನನ್ನು ಕೆಡಿಸಿದವಳು ನಾನು.

ಗುರುವಾರದಿಂದ ನಾನು ಬಾಯಿ ಮುಚ್ಚಿದೆ. ಸುಲಭ ಅಂದುಕೊಳ್ಳಬೇಡಿ. ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು ಕೂತೆ, ಉತ್ತರ ಬಂದಾಗಲೆಲ್ಲ ಅದನ್ನು ಕಚ್ಚಿದೆ. ಅಂದು ರೇಖಾಗಣಿತ. ಸಿಂಧು ಎಡಗೈಯಲ್ಲಿ ಚುಕ್ಕಿ ತೋರಿಸಿದಳು, ನಾನು ಗೆರೆ ಎಳೆದೆ. ಶುಕ್ರವಾರ ಮಾದರಿ ಪರೀಕ್ಷೆ. ಅವಳು ನಾಲ್ಕು ಲೆಕ್ಕ ತಪ್ಪು ಹೇಳಿದಳು, ನಾಲ್ಕನ್ನೂ ಅವಳು ಹೇಳಿದಂತೆಯೇ ಬರೆದೆ. ತಿದ್ದಿ ಕೊಡುವಾಗ ಪದ್ಮಾವತಿ ಟೀಚರ್ ಸಿಂಧುವಿನ ಅಂಕ ನೋಡಲಿಲ್ಲ, ನನ್ನ ಕಡೆ ನೋಡಿ ತಲೆ ಆಡಿಸಿದಳು. ನಮ್ಮ ಹುಡುಗಿ ದಡ್ಡಿಯಲ್ಲ, ಅವಸರ. ಪಾಸಾಗಬಹುದು, ಆಗದೆಯೂ ಇರಬಹುದು ಎಂಬಂತಿತ್ತು.

ಅಂದೇ ಸಂಜೆ ಸುಮಾ ರಜ ಹಾಕಿ ವಿಜಯವಾಡದಿಂದ ಬಂದಳು. ಕೈಕಾಲು ತೊಳೆಯುವ ಮೊದಲೇ ಮಾದರಿ ಪರೀಕ್ಷೆಯ ಕಾಗದ ನೋಡಿದಳು. ನಾನು ಹುರುಳಿ ಬಸಿಯುತ್ತಿದ್ದೆ. ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿ ನಿಂತಳು.

“ಅತ್ತೆ, ಈ ನಾಲ್ಕೂ ತಪ್ಪು ಅಂತ ನಿಮಗೆ ಗೊತ್ತಿತ್ತಾ?”

“ಮೂರು ಗೊತ್ತಿತ್ತು. ಇನ್ನೊಂದು ಎಕ್ಸ್ ಅನ್ನೋ ಇಂಗ್ಲಿಷ್ ಅಕ್ಷರದ್ದು, ಗೀಚೋಕೆ ಬರ್ತದೆ, ಲೆಕ್ಕ ನಂಗೆ ಬರಲ್ಲ.”

“ನಾಳೆ ಏನೂ ಹೇಳ್ಕೊಡ್ಬೇಡಿ. ತಪ್ಪು ಬಂದಾಗ ಒಂದ್ಸಲ ಕೆಮ್ಮಿ, ಸಾಕು. ಅವಳೇ ತಿದ್ಕೋತಾಳೆ. ಮಗೂಗೆ ಒಂದು ವರ್ಷದ ಪ್ರಶ್ನೆ ಅತ್ತೆ.”

“ನಂಗೆ ಕೆಮ್ಮಿಲ್ಲ.”

“ನೀವು ಕಲ್ಲು.”

“ಹೂಂ. ಕಲ್ಲಿನ ಮುಂದೆ ಬೆಳೆದವಳು.”

ಅವಳು ಅತ್ತಳು. ವಾರವಿಡೀ ಬೇರೆ ಊರಿನಲ್ಲಿ ಒಂದು ಕೋಣೆಯಲ್ಲಿ ಬೇಯಿಸಿಕೊಂಡು ತಿನ್ನುವವಳು, ಮಗಳ ಕೈ ಮುರಿದ ದಿನವೂ ಪಕ್ಕದಲ್ಲಿರಲಿಲ್ಲ. ಅವಳ ಅಳು ನನಗೆ ಅರ್ಥವಾಗದ್ದೇನೂ ಅಲ್ಲ. ಊಟಕ್ಕೆ ಎಬ್ಬಿಸಿದೆ, ಮುದ್ದೆ ಸಣ್ಣದು ಮಾಡಿ ಇಟ್ಟೆ. ಕೆಮ್ಮುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಶನಿವಾರ ನಮ್ಮಿಬ್ಬರನ್ನು ಬೇರೆ ಕೋಣೆಯಲ್ಲಿ ಕೂರಿಸಿದರು. ಕಾವಲಿಗೆ ಚಿಕ್ಕ ಮಕ್ಕಳ ಕ್ಲಾಸಿನ ಒಬ್ಬ ಟೀಚರಮ್ಮ. ಬರೆಯುವವರು ಹೇಳಿದ್ದನ್ನಷ್ಟೇ ಬರೆಯಬೇಕು, ಕೊನೆಗೆ ಬರೆದದ್ದನ್ನು ಒಮ್ಮೆ ಓದಿ ಹೇಳಬಹುದು ಎಂದು ನಿಯಮ ಓದಿದಳು. ಅಂಕಿ, ಹೂಂ, ಅಂಕಿ, ಹೂಂ ಎಂದು ಶುರುವಾಯಿತು. ಐದನೆಯದು ಬಟ್ಟೆಯ ಲೆಕ್ಕ, ಸಿಂಧು ಅದನ್ನು ತೆಲುಗಿಗೆ ತಿರುಗಿಸಿ ಗೊಣಗಿಕೊಂಡಳು. ಒಂದು ಅಂಗಿಗೆ ಒಂದೂಮುಕ್ಕಾಲು ಮೀಟರ್ ಬಟ್ಟೆ, ಹನ್ನೆರಡು ಅಂಗಿಗೆ ಎಷ್ಟು? ಸಿಂಧು ಹನ್ನೆರಡು ಬರೆಸಿದಳು, ಅದಕ್ಕೆ ಎಂಟು ಕೂಡಿಸಿದಳು, ಇಪ್ಪತ್ತು ಎಂದಳು. ಹನ್ನೆರಡು ಮುಕ್ಕಾಲ್ಲ ಒಂಬತ್ತು, ಎಂಟಲ್ಲ. ಲವಂಗ ಕಚ್ಚಿದೆ. ಎರಡು, ಸೊನ್ನೆ ಬರೆದು ಹೂಂ ಎಂದೆ. ಅವಳು ಮುಂದಿನದಕ್ಕೆ ಹೋಗಲಿಲ್ಲ. ತಲೆ ಎತ್ತಿ ನೋಡಿದರೆ ಕಣ್ಣು ನನ್ನ ಗಂಟಲ ಮೇಲೆ ಇತ್ತು. ಕಾಯುತ್ತಿದ್ದಳು. ಆಗ ಗೊತ್ತಾಯಿತು, ಅವಳಮ್ಮ ಅವಳಿಗೂ ಹೇಳಿದ್ದಾಳೆ. ನಾನು ಒಲ್ಲೆ ಅಂದದ್ದನ್ನು ಹೇಳಿಲ್ಲ.

ಸ್ವಲ್ಪ ಹೊತ್ತು ಕಾದು, ಕೆಮ್ಮು ಬರದ್ದಕ್ಕೆ ಸಮಾಧಾನವಾಗಿ ಮುಂದಿನ ಲೆಕ್ಕಕ್ಕೆ ಹೋದಳು. ಕೆಮ್ಮಿದರೂ ಅವಳಿಗೆ ಉತ್ತರ, ಕೆಮ್ಮದಿದ್ದರೂ ಉತ್ತರ. ನನ್ನ ಮೌನವನ್ನು ಅವಳು ಸರಿ ಎಂದು ಓದಿಕೊಳ್ಳುತ್ತಿದ್ದಳು, ಅದೂ ತಪ್ಪಾಗಿ. ಈಗಲೇ ಬಾಯಿ ಬಿಟ್ಟರೆ ಬಟ್ಟೆಯ ಲೆಕ್ಕ ತಪ್ಪು ಎಂದು ಬೆರಳು ಮಾಡಿ ತೋರಿಸಿದಂತೆ. ಆರನೆಯದು ಸರಿಯಾಗಿ ಹೇಳಿದಳು. ಏಳನೆಯದೂ ಸರಿ. ಏಳನೆಯದನ್ನು ಬರೆದು ಪೆನ್ನು ಕೆಳಗಿಟ್ಟೆ, ಟೀಚರಮ್ಮನ ಕಡೆ ತಿರುಗಿ ನನ್ನ ಸಂತೆಯ ತೆಲುಗಿನಲ್ಲೇ ಹೇಳಿದೆ. ಅಮ್ಮಾ, ಈ ಹುಡುಗಿ ನನ್ನ ಕೆಮ್ಮಿಗೆ ಕಾಯುತ್ತಿದ್ದಾಳೆ. ತಪ್ಪಾದರೆ ಅಜ್ಜಿ ಕೆಮ್ಮುತ್ತಾಳೆ ಎಂದು ಮನೆಯಲ್ಲಿ ಹೇಳಿದ್ದಾರೆ. ನಾನು ತಪ್ಪಿಗೂ ಕೆಮ್ಮುವುದಿಲ್ಲ, ಸರಿಗೂ ಕೆಮ್ಮುವುದಿಲ್ಲ, ಇಲ್ಲಿಯವರೆಗೆ ಕೆಮ್ಮಿಯೂ ಇಲ್ಲ. ಇದು ಅವಳಿಗೆ ಗೊತ್ತಿರಲಿ. ನನ್ನನ್ನು ಎಬ್ಬಿಸುವುದಾದರೆ ಎಬ್ಬಿಸಿ.

ಟೀಚರಮ್ಮ ಎದ್ದು ಬಂದು ಕಾಗದ ನೋಡಿದಳು, ನನ್ನನ್ನು ನೋಡಿದಳು. ಸಿಂಧುವಿನ ಮುಖ ಕುಂಕುಮದ ಹಾಗಾಗಿತ್ತು. ಎಬ್ಬಿಸಿಬಿಟ್ಟರೆ ಒಂದು ವರ್ಷವನ್ನು ನಾನೇ ಕೈಯಾರೆ ಕಳೆದ ಹಾಗೆ, ಅದು ನನಗೆ ಗೊತ್ತಿತ್ತು. ಕೊನೆಗೆ ಟೀಚರಮ್ಮ ಹುಡುಗಿಯ ತಲೆಯ ಮೇಲೆ ಮೆಲ್ಲಗೆ ಪೆನ್ಸಿಲಿನಿಂದ ತಟ್ಟಿ, ನಿನ್ನ ಲೆಕ್ಕ ನೀನೇ ನೋಡಿಕೊಳ್ಳಮ್ಮಾ ಎಂದು ಹೇಳಿ ತನ್ನ ಕುರ್ಚಿಗೆ ಹೋದಳು.

ಆಮೇಲಿನ ಲೆಕ್ಕಗಳನ್ನು ಸಿಂಧು ನನ್ನ ಮುಖ ನೋಡದೆ ಹೇಳಿದಳು. ಕಣ್ಣು ಮುಚ್ಚಿ, ಎಡಗೈ ಬೆರಳಿನಿಂದ ಗಾಳಿಯಲ್ಲಿ ಎರಡೆರಡು ಸಲ ಬರೆದು ನೋಡಿಕೊಂಡು ಹೇಳಿದಳು. ಕೊನೆಗೆ ನಾನು ಎಲ್ಲವನ್ನೂ ಓದಿದೆ. ಬಟ್ಟೆಯ ಲೆಕ್ಕ ಬಂದಾಗ ದನಿ ಏರಿಸಲಿಲ್ಲ, ಇಳಿಸಲಿಲ್ಲ, ಇಪ್ಪತ್ತು ಎಂದು ಓದಿ ಮುಂದೆ ಹೋದೆ. ಅವಳು ತಲೆಯಾಡಿಸಿದಳು. ಹತ್ತನೆಯದು ಆ ಇಂಗ್ಲಿಷ್ ಅಕ್ಷರದ ಲೆಕ್ಕ, ನನಗೆ ತಲೆಬುಡ ತಿಳಿಯದ್ದು. ಅರ್ಧ ಓದುವಾಗಲೇ ತಡೆದಳು.

“ನಿಲ್ಸು ಅಜ್ಜಿ. ಆ ಮೈನಸ್ ಈ ಕಡೆ ಬಂದ್ರೆ ಪ್ಲಸ್ ಆಗ್ಬೇಕು ಕದಾ. ಹೊಡೆದ್ಹಾಕು. ನಾನು ಹೇಳ್ದಂಗೆ ಬರಿ.”

ನಾನು ಹೊಡೆದು ಹಾಕಿ ಅವಳು ಹೇಳಿದಂತೆ ಬರೆದೆ.

ಗೇಟಿನ ಹೊರಗೆ ಸುಮಾ ಕೊಡೆ ಹಿಡಿದು ನಿಂತಿದ್ದಳು. ನಾವು ಅವಳ ಹತ್ತಿರ ಸೇರುವ ಮುಂಚೆ ಸಿಂಧು ಕೇಳಿದಳು:

“ಅಜ್ಜಿ, ತಪ್ಪು ಇತ್ತಾ?”

“ಇತ್ತು. ಬಟ್ಟೆದು. ಇಪ್ಪತ್ತೊಂದು.”

“ನಿಂಗೆ ಆಗ್ಲೇ ಗೊತ್ತಿತ್ತು.”

“ಗೊತ್ತಿತ್ತು.”

ಅವಳು ಮುಂದೆ ನಡೆದು ಅಮ್ಮನ ಕೊಡೆಯೊಳಗೆ ಸೇರಿದಳು. ಬಟ್ಟೆಯ ಲೆಕ್ಕವನ್ನು ಅಮ್ಮನಿಗೆ ಹೇಳಲಿಲ್ಲ. ಕೆಮ್ಮಿನ ವಿಷಯವನ್ನು ನಾನೇ ಸುಮಾಗೆ ಹೇಳಿದೆ, ಕೋಣೆಯಲ್ಲಿ ನಾನು ಆಡಿದ ಮಾತನ್ನೂ ಹೇಳಿದೆ. ಅವಳು ಭಾನುವಾರ ರೈಲು ಹತ್ತುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ಅದರ ಮುಂದಿನ ಸಲ ಬಂದಾಗಲೂ ಎರಡೇ ಮಾತು. ಫಲಿತಾಂಶ ಬಂದ ದಿನ ತಾನೇ ಶಾಲೆಗೆ ಫೋನು ಮಾಡಿ ತಿಳಿದುಕೊಂಡು, ಆಮೇಲೆ ನನಗೆ ಫೋನಿನಲ್ಲಿ, ಎಂಟನೇ ಕ್ಲಾಸಿಗೆ ಹಾಕಿದ್ದಾರೆ ಅತ್ತೆ ಎಂದಳು. ಹತ್ತನೆಯ ಲೆಕ್ಕ ತಪ್ಪಿದ್ದಿದ್ದರೆ ಹಾಕುತ್ತಿರಲಿಲ್ಲವಂತೆ. ಅದನ್ನೂ ಅವಳೇ ಹೇಳಿದಳು.

ಕ್ವಾರ್ಟರ್ಸಿನಲ್ಲಿ ಸಿಂಧುವಿನ ಮೇಜು ಅಡುಗೆಮನೆಯ ಬಾಗಿಲಿಗೆ ಎದುರಾಗಿತ್ತು. ಮೊದಲೆಲ್ಲ ಲೆಕ್ಕ ಮಾಡುವಾಗ ಮಧ್ಯೆ ಮಧ್ಯೆ ನನ್ನ ಕಡೆ ನೋಡುತ್ತಿದ್ದಳು, ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಸಿಮೆಂಟು ಬಿಚ್ಚಿಸಿಕೊಂಡು ಬಂದ ದಿನ ಅವಳು ಬಿಳಚಿಕೊಂಡ ಆ ಕೈಯಲ್ಲೇ ಮೇಜಿನ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿ ಎಂದು ನನ್ನನ್ನು ಕರೆದಳು. ಇಬ್ಬರೂ ಸೇರಿ ಅದನ್ನು ತಿರುಗಿಸಿ ಗೋಡೆಗೆ ಹಾಕಿದೆವು. ನನಗೆ ಬೆನ್ನು ಮಾಡಿ ಕೂತು ಪುಸ್ತಕ ತೆಗೆದಳು. ನಾನು ಒಳಗೆ ಹೋಗಿ ಮುದ್ದೆಗೆ ಎಸರು ಇಟ್ಟೆ.